ಹನುಮವ್ವ ಕಂಕಣ ಕಟ್ಟಿಕೊಂಡು ಕಡಲು ದಾಟಿದ್ದು

ನಮ್ಮ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹನುಮವ್ವ ಕೋಳಿಯನ್ನು ಕಾವಿಗೆ ಕೂರಿಸುವುದನ್ನು ನೋಡಬೇಕು. ಒಂದೊಂದೇ ಮೊಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ಒಡ್ಡುತ್ತಾಳೆ. ಒಳಗೆ ಏನು ಕಾಣುತ್ತದೋ ಅವಳಿಗೇ ಗೊತ್ತು. ಇದು ಮರಿಗೆ, ಇದು ಆಮ್ಲೆಟ್ಟಿಗೆ ಎಂದು ಎರಡು ಪಾಲು ಮಾಡುತ್ತಾಳೆ. ಬುಟ್ಟಿಗೆ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಮೂಲೆಯಲ್ಲಿ ಇದ್ದಿಲ ಚೂರು, ಒಣಮೆಣಸಿನಕಾಯಿ, ಒಂದು ತುಕ್ಕು ಹಿಡಿದ ಬೋಲ್ಟು ಇಡುತ್ತಾಳೆ. ಬೋಲ್ಟು ಎದುರಿನ ಫ್ಯಾಕ್ಟರಿಯ ಗೇಟಿನ ಹತ್ತಿರ ಬಿದ್ದಿದ್ದು. ಆಮೇಲೆ ಕೋಳಿಯನ್ನು ಕೂರಿಸಿ ಅದರ ಹೊಟ್ಟೆಯ ಅಡಿಗೆ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿರುತ್ತಾಳೆ. ಬಿಸಿ ನೋಡುವುದು ಅದು. ಕಾವು ಬಿಟ್ಟು ಎದ್ದು ತಿರುಗುವ ಕೋಳಿಯನ್ನು ಕಂಡರೆ ಅವಳಿಗೆ ಆಗದು. ಅದಕ್ಕೆ ಬೈಯುವ ಬೈಗುಳ ಕೇಳಿ ಮೂರನೆಯ ಮಹಡಿಯ ಹುಡುಗರು ಕಿಟಕಿ ಮುಚ್ಚಿಕೊಂಡಿದ್ದಾರೆ.

ಅವಳು ಬಾಗಲಕೋಟೆ ಕಡೆಯವಳು, ಕೃಷ್ಣಾ ಹೊಳೆಯ ದಂಡೆಯವಳು. ಅಣೆಕಟ್ಟಿನ ನೀರು ಹೊಲಕ್ಕೆ ಬಂದ ಮೇಲೆ ಊರವರು ದಿಬ್ಬದ ಮೇಲಕ್ಕೆ ಹೋದರು. ಹನುಮವ್ವನ ಗಂಡ ಅದಕ್ಕೂ ಮೊದಲೇ ಜ್ವರದಲ್ಲಿ ಹೋಗಿದ್ದ. ಅವಳು ಮೇಸ್ತ್ರಿಯೊಬ್ಬನ ಲಾರಿ ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಬಂದಳು. ಆಗ ಅಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕೆಲಸದವರಿಗೆ ಮಲಗಲು ತಗಡಿನ ಶೆಡ್ಡು. ಅದರಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮೂರು ವರ್ಷದ ಮಗಳು ಮಹಾದೇವಿಯನ್ನು ಊರಿನಲ್ಲಿ ಅಕ್ಕ ರುಕ್ಮವ್ವನ ಮನೆಯಲ್ಲಿ ಬಿಟ್ಟಿದ್ದಳು. ಕಲ್ಲು ಮಣ್ಣು ಹೊತ್ತು, ಆಮೇಲೆ ಒಂದು ಸಣ್ಣ ಕಂಪನಿಯಲ್ಲಿ ಕಾಫಿ ಕೊಡುವ, ಪಾತ್ರೆ ತೊಳೆಯುವ ಕೆಲಸ ಸಿಕ್ಕಿ, ನಮ್ಮ ಹೆಬ್ಬಗೋಡಿಯ ವಠಾರದಲ್ಲಿ ರೂಮು ಹಿಡಿದ ಮೇಲೆ ಮಗಳನ್ನು ಕರೆತಂದಳು. ಅಷ್ಟು ಹೊತ್ತಿಗೆ ಮಹಾದೇವಿ ಹತ್ತು ವರ್ಷದ ಹುಡುಗಿ. ಇಲ್ಲೇ ಓದಿದಳು, ಇಲ್ಲಿಂದಲೇ ಮದುವೆಯಾಗಿ ಮತ್ತೆ ಅದೇ ಊರ ಕಡೆಗೆ ಹೋದಳು.

ನಾನು ಮನೆಯ ಯಜಮಾನಿ, ಅವಳು ಬಾಡಿಗೆಯವಳು. ಅದು ಮೊದಲ ವರ್ಷದ ಮಾತು. ಆಮೇಲೆ ಅವಳು ಸಾಯಂಕಾಲ ಟಿವಿಗೆ ನಮ್ಮ ನಡುಮನೆಗೆ ಬರುತ್ತಿದ್ದಳು, ಬರುವಾಗ ಒಂದು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ತರುತ್ತಿದ್ದಳು. ನನ್ನ ಮನೆಯವರು ತೀರಿಕೊಂಡು ಬಹಳ ವರ್ಷವಾಗಿತ್ತು. ಇಬ್ಬರು ವಿಧವೆಯರಿಗೆ ಒಂದು ಟಿವಿ ಸಾಕು.

ಮಹಾದೇವಿ ಬಾಣಂತನಕ್ಕೆ ಬಂದಿದ್ದಾಗ ಈ ಮಾತೆಲ್ಲ ಶುರುವಾಯಿತು. ಒಂದು ಸಂಜೆ ಮೂವರೂ ಕೂತು ಟಿವಿ ನೋಡುತ್ತಿದ್ದೆವು, ಮಗು ಮಹಾದೇವಿಯ ಮಡಿಲಲ್ಲಿತ್ತು. ಕಡಲಾಮೆಯ ಕಾರ್ಯಕ್ರಮ. ದೊಡ್ಡ ಆಮೆಯೊಂದು ದಡಕ್ಕೆ ತೆವಳಿ ಬಂತು. ಮರಳು ತೋಡಿತು, ಮೊಟ್ಟೆ ಇಟ್ಟಿತು, ಮುಚ್ಚಿತು. ತಿರುಗಿಯೂ ನೋಡದೆ ನೀರಿಗೆ ಹೋಯಿತು. ಅದರ ಮರಿಗಳು ತಾಯಿಯ ಮುಖವನ್ನೇ ನೋಡುವುದಿಲ್ಲವಂತೆ.

ಮಹಾದೇವಿ ಕಿಸಕ್ಕನೆ ನಕ್ಕಳು. “ಥೇಟ್ ನಮ್ಮವ್ವ! ಇಟ್ಲು, ಮುಚ್ಚಿದ್ಲು, ಹೊಂಟಳು.”

ನಾನೂ ನಕ್ಕೆ. ಹನುಮವ್ವನೂ ನಕ್ಕಳು, ಆದರೆ ಅವಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

“ಟಿವಿಯವ್ರು ಸುಳ್ಳ ತೋರಸ್ತಾರ” ಎಂದಳು. “ಕಾವು ಕೊಡದ ತತ್ತಿ ಮರಿ ಹೆಂಗ ಆಕ್ಕೈತಿ? ತಣ್ಣಗ ಆಗಿ ಕೊಳೀತೈತಿ. ಈ ಕೈಲೆ ಎಷ್ಟು ಕೂಡ್ಸೇನಿ, ನಂಗ ಗೊತ್ತಿಲ್ಲೇನು?”

“ಅದು ಕೋಳಿ ಅಲ್ಲ ಬೇ, ಆಮೆ.”

“ಯಾವುದಾದ್ರೇನು. ತಾಯಿ ಎದ್ದು ಹೋದ್ರ ತಣ್ಣಗ ಆಗೂದ ಖರೆ.”

ಅಂದಿನಿಂದ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಆಫೀಸಿನಲ್ಲಿ ಕಾಫಿ ಕೊಡುತ್ತಾ ಕೇಳಿದಳು. ಅಲ್ಲಿನ ಹುಡುಗರು ಕಂಪ್ಯೂಟರಿನಲ್ಲಿ ಅದೇ ಆಮೆಯನ್ನು ತೋರಿಸಿದರು. ಅದೂ ಟಿವಿಯೇ ಎಂದಳು. ಅವಳಿಗೆ ಆಮೆಯ ಚಿಂತೆ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಏಳು ವರ್ಷ ಮಗಳನ್ನು ಬಿಟ್ಟಿದ್ದವಳು ಅವಳು. ತಾಯಿ ಬಿಟ್ಟುಹೋದ ಮರಿಗೆ ಎಲ್ಲಿಂದಾದರೂ ಬೆಚ್ಚಗಾಗುತ್ತದೋ ಇಲ್ಲವೋ ಎನ್ನುವುದನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಮರುವರ್ಷ, ಎಂದರೆ ಎರಡು ಸಾವಿರದ ಹದಿನಾಲ್ಕರ ಚಳಿಗಾಲದ ಕೊನೆಗೆ, ಅವಳ ಕಂಪನಿಗೆ ಹತ್ತು ವರ್ಷ ತುಂಬಿತು. ಇದ್ದವರೆಲ್ಲರನ್ನೂ ಅಂಡಮಾನಿನ ಒಂದು ದ್ವೀಪದ ರೆಸಾರ್ಟಿಗೆ ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ಎಲ್ಲರೂ ಎಂದರೆ ಕಾವಲಿನವರು, ಪಾತ್ರೆಯವರು ಸೇರಿ ಎಲ್ಲರೂ. ಜೊತೆಗೆ ಮನೆಯವರು ಒಬ್ಬರು. ಆ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದವಳು ಆಶಾರಾಣಿ ಎಂಬ ಹುಡುಗಿ. ಹನುಮವ್ವ ಮೊದಲು ಒಲ್ಲೆ ಎಂದಳಂತೆ. ಆಶಾರಾಣಿ ಚಿತ್ರದ ಪುಸ್ತಕ ತೆರೆದು, “ಅಮ್ಮಾ, ಇಲ್ನೋಡಿ, ಪಕ್ಕದ ಐಲ್ಯಾಂಡಲ್ಲಿ ಫಾರೆಸ್ಟ್‌ನೋರು ಆಮೆ ಮರಿಗಳನ್ನ ಸಮುದ್ರಕ್ಕೆ ಬಿಡ್ತಾರೆ, ನಮ್ಮನ್ನೂ ಕರ್ಕೊಂಡು ಹೋಗ್ತಾರೆ” ಎಂದಾಗ ಹನುಮವ್ವ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದಳಂತೆ.

ಅಂದು ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತಳು.

“ಅಕ್ಕಾರ, ಮಾದೇವಿಗೆ ಕೂಸು ಸಣ್ಣದು, ಬರಾಕ ಆಗಂಗಿಲ್ಲ. ನೀವು ಬರ್ರಿ.”

“ನಾನ್ಯಾಕೆ? ಮನೆಯೋರು ಅಂದವ್ರಲ್ಲ ಅವ್ರು.”

“ಬಾಡಿಗಿ ಕೊಟ್ಟು ಕೊಟ್ಟು ನಾ ನಿಮ್ಮ ಮನಿಯಾಕಿನ ಆಗೇನಿ. ಬರ್ರಿ ಸುಮ್ನ.”

ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹತ್ತಿದೆವು, ಕಿವಿ ಮುಚ್ಚಿತು, ಇಳಿದೆವು. ಹನುಮವ್ವನ ಚೀಲದಲ್ಲಿ ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ಊಟವೆಲ್ಲ ಅಲ್ಲೇ ಎಂದು ಆಶಾರಾಣಿ ಹೇಳಿ ಹೇಳಿ ಸುಸ್ತಾಗಿದ್ದಳು. “ಕೊಟ್ರ ಉಣ್ಣೂಣು, ಕೊಡದಿದ್ರ?” ಎಂದು ಹನುಮವ್ವ ಚೀಲವನ್ನು ಬಿಡಲಿಲ್ಲ. ಪೋರ್ಟ್ ಬ್ಲೇರಿನಿಂದ ಹಡಗು. ಹಡಗಿನಲ್ಲಿ ಆಫೀಸಿನ ಹುಡುಗರೆಲ್ಲ ವಾಂತಿ ಮಾಡಿದರು. ಹನುಮವ್ವ ಹೊಳೆಯ ದಂಡೆಯವಳು, ಕಂಬಿ ಹಿಡಿದು ನಿಂತು ಹಾರುವ ಮೀನು ಎಣಿಸುತ್ತಿದ್ದಳು.

ರೆಸಾರ್ಟಿನ ಬಾಗಿಲಲ್ಲಿ ಸೆಲ್ವಿ ಎಂಬ ಹುಡುಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ತಾತನ ಕಾಲದಲ್ಲೇ ತಮಿಳುನಾಡಿನಿಂದ ಆ ದ್ವೀಪಕ್ಕೆ ಬಂದವರಂತೆ. ನಮ್ಮ ಹೊಸೂರು ರಸ್ತೆಯವರಿಗೆ ತಮಿಳು, ತೆಲುಗು ಎರಡೂ ಬೀದಿಯಲ್ಲೇ ಬರುತ್ತವೆ, ಆದ್ದರಿಂದ ಮಾತಿಗೆ ಕಷ್ಟವಾಗಲಿಲ್ಲ. ಅವಳು ಕೈ ಮುಗಿದು, ನಾವು ಯಾರು ಏನು ಎಂದು ಕೇಳದೆ, ಇಬ್ಬರ ಹಣೆಗೂ ಕುಂಕುಮ ಇಟ್ಟಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬೇಡ ಎನ್ನುವಷ್ಟರಲ್ಲಿ ಕೊರಳಿಗೆ ಚಿಪ್ಪಿನ ಸರ ಬಿತ್ತು. ಆಮೇಲೆ ಬಲಗೈ ಹಿಡಿದು ಮಣಿಕಟ್ಟಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದಳು. ಪ್ಲಾಸ್ಟಿಕ್ಕಿನದು, ಟಕ್ ಎಂದು ಕೂತಿತು.

“ಪಾಟಿ, ಇದನ್ನು ಹೋಗುವ ದಿನದ ತನಕ ಬಿಚ್ಚಬಾರದು. ಸ್ನಾನಕ್ಕೂ ಬಿಚ್ಚಬೇಡಿ. ಇದು ಕೈಯಲ್ಲಿದ್ದರೆ ಊಟ, ತಿಂಡಿ, ಎಳನೀರು ಏನು ಬೇಕಾದರೂ ಕೇಳಿ, ಯಾರೂ ಕಾಸು ಕೇಳುವುದಿಲ್ಲ. ಆದರೆ ನಮ್ಮ ಗೇಟು ದಾಟಿದರೆ ಇದು ನಡೆಯುವುದಿಲ್ಲ” ಎಂದಳು ತಮಿಳಿನಲ್ಲಿ. ಪಾಟಿ ಎಂದರೆ ಅಜ್ಜಿ.

ನಾನು ಒಂದು ಮಾತೂ ಬಿಡದೆ ಹನುಮವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ತಲೆ ಬಾಗಿಸಿ ಕೇಳಿ, ಪಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡಳು. ಹೊಸದಲ್ಲವೇ, ಅದಕ್ಕೆ ಎಂದುಕೊಂಡೆ.

ಆ ದಿನದ ಸಂತೋಷ ಹೇಳತೀರದು. ಊಟದ ಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಯ ತನಕ ಪಾತ್ರೆಗಳು. ಹನುಮವ್ವ ಕೈಯೆತ್ತಿ ಪಟ್ಟಿ ತೋರಿಸಿದಳು, ಅನ್ನ ಬಂತು. ಮತ್ತೆ ತೋರಿಸಿದಳು, ಅನಾನಸ್ ಬಂತು. ಮಜ್ಜಿಗೆ ಇರಲಿಲ್ಲ, ಪಟ್ಟಿ ತೋರಿಸಿದ ಮೇಲೆ ಅಡುಗೆಯವನು ಮೊಸರು ಕಡೆದು ತಂದ. “ಅಕ್ಕಾರ, ಇದನ್ನ ಕಟಗೊಂಡು ಹೆಬ್ಬಗೋಡಿ ಸಂತಿಗೆ ಹೋಗೂಣೇನ್ರಿ?” ಎಂದು ನಕ್ಕಳು. ಆದರೂ ಉಂಡ ಋಣ ಇರಬಾರದೆಂದು ಅಡುಗೆಯವರಿಗೆಲ್ಲ ರೊಟ್ಟಿ, ಚಟ್ನಿ ಹಂಚಿಬಿಟ್ಟಳು. ಚಟ್ನಿ ನೆಕ್ಕಿದ ಬಂಗಾಳಿ ಅಡುಗೆಯವನು ಅರ್ಧ ಗಂಟೆ ನೀರಿನ ನಲ್ಲಿಯ ಹತ್ತಿರವೇ ಇದ್ದ.

ರೂಮಿನ ಮುಂದೆಯೇ ಮರಳು, ಮರಳಿನ ಮುಂದೆಯೇ ಕಡಲು. ನೀರು ಹಸಿರೋ ನೀಲಿಯೋ ನನಗೆ ಇವತ್ತಿಗೂ ಹೇಳಲು ಬಾರದು. ಅಡುಗೆ ಮನೆಯ ಹಿಂದೆ ಮೊಸಳೆಯಂಥ ಉಡವೊಂದು ಸೊಸೆಯ ಹಾಗೆ ಮೆಲ್ಲಗೆ ಬಂದು ಮೀನಿನ ತಲೆ ಕಚ್ಚಿಕೊಂಡು ಹೋಯಿತು. ಬಿಳಿ ಹೊಟ್ಟೆಯ ದೊಡ್ಡ ಹದ್ದು ತೆಂಗಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ದಡದ ತುಂಬ ಶಂಖದೊಳಗೆ ಮನೆ ಮಾಡಿಕೊಂಡ ಸಣ್ಣ ಏಡಿಗಳು, ಶಂಖವನ್ನು ಹೊತ್ತುಕೊಂಡೇ ತಿರುಗುತ್ತಿದ್ದವು. ಒಂದು ಏಡಿ ತನ್ನ ಶಂಖ ಬಿಟ್ಟು ಪಕ್ಕದ ಖಾಲಿ ಶಂಖದೊಳಗೆ ಹಿಂದುಹಿಂದಾಗಿ ತೂರಿಕೊಂಡಿತು. ಸೆಲ್ವಿ ಹೇಳಿದಳು, ಬೆಳೆದ ಹಾಗೆ ಅವು ದೊಡ್ಡ ಶಂಖ ಹುಡುಕುತ್ತವಂತೆ.

“ಹೌದಾ?” ಎಂದು ಹನುಮವ್ವ ನನ್ನ ಕಡೆ ತಿರುಗಿದಳು. “ನೋಡ್ರಿ ಅಕ್ಕಾರ, ಇವೂ ಬಾಡಿಗಿ ಮನ್ಯಾಗ ಅದಾವ. ಅಡ್ವಾನ್ಸ್ ಕೇಳಾವ್ರಿಲ್ಲ, ವರ್ಷಾ ವರ್ಷಾ ಏರಸಾವ್ರಿಲ್ಲ.”

“ನೀರಿನ ಬಿಲ್ಲೂ ಇಲ್ಲ ಬುಡು” ಎಂದೆ ನಾನು.

ಸೀರೆ ಎತ್ತಿ ಕಟ್ಟಿ ಇಬ್ಬರೂ ನೀರಿಗೆ ಇಳಿದೆವು. ಈಜುವವರಿಗೆ ಗೊತ್ತಾಗಲೆಂದು ನೀರಿನಲ್ಲಿ ಕೆಂಪು ಚೆಂಡುಗಳ ಹಗ್ಗ ಕಟ್ಟಿದ್ದರು. ಹನುಮವ್ವ ಎದೆಮಟ್ಟ ಹೋದಳು, ಹಗ್ಗದ ತನಕ ಹೋಗಿ, ಅದನ್ನು ಮುಟ್ಟಿ, ತಿರುಗಿ ಬಂದಳು. ಮತ್ತೆ ಹೋದಳು, ಮುಟ್ಟಿದಳು, ಬಂದಳು. ಆಟ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಗಾಜಿನ ತಳದ ದೋಣಿಯಲ್ಲಿ ಹವಳ ತೋರಿಸಲು ಕರೆದರು. ಹನುಮವ್ವ ದಡದಲ್ಲೇ ನಿಂತಳು. ನಾ ಒಲ್ಲೆ ಎಂದಳು. ಆಶಾರಾಣಿ ಓಡಿ ಬಂದು ಲೈಫ್ ಜಾಕೆಟ್ ತೊಡಿಸಲು ನೋಡಿದಳು.

“ಅಮ್ಮಾ, ಹೆದರ್ಕೋಬೇಡಿ, ನಾನು ಪಕ್ಕದಲ್ಲೇ ಕೂತ್ಕೋತೀನಿ. ಕೈ ಹಿಡ್ಕೊಳ್ಳಿ.”

“ಹೆದ್ರಿಕಿ? ನಂಗ? ಕೃಷ್ಣಾ ಹೊಳಿ ತುಂಬಿ ಬಂದಾಗ ಹರಗೋಲದಾಗ ದಾಟಿ ಬಂದಾಕಿ ನಾ.”

“ಮತ್ತೆ ಯಾಕೆ?”

“ಒಲ್ಲೆ ಅಂದ್ರ ಒಲ್ಲೆ. ನೀವು ಹೋಗ್ರಿ.”

ದೋಣಿ ಹೋಯಿತು. ನಾನೂ ಉಳಿದುಕೊಂಡೆ. ನನಗೆ ಒಳಗೊಳಗೆ ಕೋಪ, ಮೀನು ನೋಡಬೇಕಿತ್ತು. ಆದರೆ ಅದು ದೊಡ್ಡದಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಾ ಹೇಳಿದ್ದು ಕೇಳಿ ನನ್ನ ಕೈಯೇ ನಿಂತಿತು.

“ನಾಳಿ ಆಮಿ ನೋಡಾಕ ನೀವಾದ್ರೂ ಹೋಗಿ ಬರ್ರಿ ಅಕ್ಕಾರ. ಮರಿ ಹೊರಗ ಬರೂದ ಖರೆನೋ ಸುಳ್ಳೋ ಚಂದಗೆ ನೋಡ್ಕೊಂಡು ಬಂದು ಹೇಳ್ರಿ.”

“ಅಯ್ಯೋ ನಿನ್ನ! ಅದಕ್ಕೇ ಅಲ್ವೇನೆ ನೀನು ಇಷ್ಟು ದೂರ ಬಂದಿದ್ದು? ನಾನ್ ನೋಡಿದ್ರೆ ನಿನಗೇನ್ ಬಂತು?”

ಹನುಮವ್ವ ಬಲಗೈ ಮುಂದೆ ಚಾಚಿದಳು. ಕಿತ್ತಳೆ ಪಟ್ಟಿ.

“ಕಂಕಣ ಕಟ್ಯಾರಲ್ಲ.”

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನಾನೇ ಒಂದೊಂದು ಮಾತೂ ಕನ್ನಡದಲ್ಲಿ ಹೇಳಿದ್ದು ನೆನಪಾಯಿತು. ಬಿಚ್ಚಬಾರದು, ಸ್ನಾನಕ್ಕೂ ಬಿಚ್ಚಬಾರದು, ಊಟ ಒಳಗೇ, ಗೇಟು ದಾಟಿದರೆ ನಡೆಯುವುದಿಲ್ಲ. ಮದುವೆಗಾಗಲಿ ದೇವರ ಕಾರ್ಯಕ್ಕಾಗಲಿ ಕಂಕಣ ಕಟ್ಟುವಾಗ ಹಿರಿಯರು ಹೇಳುವುದೂ ಇದನ್ನೇ. ಕಂಕಣ ಕಟ್ಟಿಸಿಕೊಂಡವರು ಅದು ಬಿಚ್ಚುವ ತನಕ ಊರ ಸೀಮೆ ದಾಟುವಂತಿಲ್ಲ. ಹಗ್ಗದ ತನಕ ಹೋಗಿ ಮುಟ್ಟಿ ತಿರುಗುತ್ತಿದ್ದುದು ಯಾಕೆ ಎಂದು ಆಗ ಅರ್ಥವಾಯಿತು.

“ಅನುಮವ್ವ, ಅದು ಕಂಕಣ ಅಲ್ಲ ಕಣೆ. ಕಾಸು ಕೊಟ್ಟಿರೋರು ಯಾರು, ಕೊಡ್ದೇ ಇರೋರು ಯಾರು ಅಂತ ಗುರ್ತಿಗೆ ಕಟ್ಟವ್ರೆ. ಪ್ಲಾಸ್ಟಿಕ್ಕು.”

“ಪ್ಲಾಸ್ಟಿಕ್ ಆದ್ರೇನ್ರಿ? ಆ ಹುಡುಗಿ ಕುಂಕುಮ ಹಚ್ಚಿ, ಕೈ ಮುಗದು ಕಟ್ಟ್ಯಾಳ.”

“ಅಂಗಾದ್ರೆ ಕತ್ತರಿಸಿ ಬಿಸಾಕು. ಆಮೆ ನೋಡ್ಕೊಂಡು ಬಂದು ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು.”

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಇಲ್ರಿ. ಅವರು ಹೋದ ಮ್ಯಾಲ ನನ್ನ ಕೈಗೆ ಯಾರೂ ಏನೂ ಕಟ್ಟಿಲ್ಲ. ಮಗಳ ಮದಿವ್ಯಾಗೂ ದೂರ ನಿಂತೇನಿ. ಈಕಿ ಕರದು ಕಟ್ಟ್ಯಾಳ. ನಾ ಕತ್ತರಸಾಂಗಿಲ್ಲ.”

ನನ್ನ ಕೈಯಲ್ಲೂ ಅದೇ ಇತ್ತು. ಬೆಳಗಿನಿಂದ ಅದನ್ನು ಎಷ್ಟು ಸಲ ತಿರುಗಿಸಿ ನೋಡಿಕೊಂಡಿದ್ದೆನೋ. ಸೆಲ್ವಿಯನ್ನು ಕರೆದು ಹೇಳಿಸಬಹುದಿತ್ತು. ಆದರೆ ಅವಳು ನಕ್ಕುಬಿಟ್ಟರೆ ಹನುಮವ್ವನಿಗೆ ಆಮೆಯೂ ಇಲ್ಲ, ಕಂಕಣವೂ ಇಲ್ಲ.

ಸಮುದ್ರದ ಕಡೆ ಮುಖ ಮಾಡಿ ಬಹಳ ಹೊತ್ತು ಕೂತೆವು. ನಾನು ನನ್ನ ಅತ್ತೆ ಹೇಗೆ ಮಾಡುತ್ತಿದ್ದರು, ನನ್ನ ತಾಯಿ ಹೇಗೆ ಮಾಡುತ್ತಿದ್ದರು ಎಂದು ಒಂದೊಂದೇ ಮದುವೆಯನ್ನು ನೆನೆಸಿಕೊಳ್ಳುತ್ತಾ ಹೋದೆ. ನಮ್ಮ ಚಿಕ್ಕ ಮೈದುನನ ಮದುವೆಯಲ್ಲಿ ಒಂದು ವಿಚಾರ ನಡೆದಿತ್ತು. ಅವನ ಕೈಗೆ ಕಂಕಣ ಕಟ್ಟಿ ಆಗಿತ್ತು, ಅಷ್ಟರಲ್ಲಿ ನೌಕರಿಯ ಸಂದರ್ಶನಕ್ಕೆ ಆನೇಕಲ್ಲಿಗೆ ಬಾ ಎಂದು ಹೇಳಿಕಳಿಸಿದರು. ಮನೆಯಲ್ಲಿ ಗಲಾಟೆ. ಆಗ ನಮ್ಮ ಅತ್ತೆ ಸೀಮೆಕಲ್ಲಿನ ಬುಡದಿಂದ ಒಂದು ಹಿಡಿ ಮಣ್ಣು ತಂದು ಅವನ ಪಂಚೆಯ ತುದಿಗೆ ಗಂಟು ಹಾಕಿದರು. “ಊರು ನಿನ್ನ ಜೊತೇಲೇ ಬತ್ತದೆ, ನೀನು ಊರಲ್ಲೇ ಇದ್ದೀಯ ಅಂದ್ಕೋ, ಓಗಿ ಬಾ” ಎಂದರು. ಅವನು ಹೋಗಿ ಬಂದ, ಮದುವೆಯೂ ಆಯಿತು, ನೌಕರಿಯೂ ಸಿಕ್ಕಿತು.

ಇದನ್ನು ಹೇಳಿದೆ. ಹನುಮವ್ವ ಕೂತಲ್ಲಿಂದ ಎದ್ದೇಬಿಟ್ಟಳು.

“ಇದನ್ನ ನಿನ್ನೇ ಹೇಳಾಕ ಏನಾಗಿತ್ರಿ ನಿಮಗ? ಹವಳ ನೋಡ್ತಿದ್ನಲ್ಲ!”

“ನೀನು ನಿನ್ನೆ ಬಾಯಿ ಬಿಟ್ಟಿದ್ರೆ ತಾನೆ!”

ಈಗ ಮಣ್ಣು ಬೇಕು. ದಡದಲ್ಲಿ ಮರಳೇ ಮರಳು. ಅವಳು ರೂಮಿನ ಮುಂದಿನ ಹೂವಿನ ಕುಂಡದಲ್ಲಿ ಕೈ ಹಾಕಿದಳು. ಒಳ್ಳೆ ಕೆಂಪು ಮಣ್ಣು. ತೋಟದ ಮಾಲಿ ಓಡಿ ಬಂದ. ಈ ಮಣ್ಣು ಎಲ್ಲಿಯದು ಎಂದು ಸೆಲ್ವಿಯ ಕೈಲಿ ಕೇಳಿಸಿದೆ. ಚೆನ್ನೈಯಿಂದ ಹಡಗಿನಲ್ಲಿ ಬಂದಿದ್ದು ಎಂದ. ಹನುಮವ್ವ ಕೈ ಕೊಡವಿದಳು.

“ಚೆನ್ನೈ ಸೀಮಿ ಕಟಗೊಂಡು ನಾ ಏನು ಮಾಡ್ಲಿ?”

ಕೊನೆಗೆ ಉಸುಕೇ ಸರಿ ಎಂದು ತೀರ್ಮಾನವಾಯಿತು, ಇಲ್ಲಿ ಹುಟ್ಟಿದ್ದು ಅದೊಂದೇ. ಗೇಟಿನ ಕಂಬದ ಬುಡದಿಂದ ಒಂದು ಹಿಡಿ ತೆಗೆದು, ಏಡಿ ಇದೆಯೇ ಎಂದು ಆರಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿದಳು. ನನ್ನ ಸೆರಗಿಗೂ ಒಂದು ಗಂಟು ಬಿತ್ತು.

ಮರುದಿನ ಮಧ್ಯಾಹ್ನ ದೋಣಿ ಹತ್ತುವಾಗ ಅವಳು ಗಂಟನ್ನು ಒಂದು ಕೈಯಲ್ಲಿ ಹಿಡಿದೇ ಹತ್ತಿದಳು. ಹುಡುಗರು ಚಪ್ಪಾಳೆ ತಟ್ಟಿದರು, ಹೆದರಿಕೆ ಹೋಯಿತು ಎಂದು.

ಪಕ್ಕದ ದ್ವೀಪದಲ್ಲಿ ಮನೆ ಮಠ ಇಲ್ಲ. ಕಾಡು ನೀರಿನ ತನಕ ಬಂದು ನಿಂತಿತ್ತು. ದಡದಲ್ಲಿ ಅರಣ್ಯ ಇಲಾಖೆಯ ಕಾವಲುಗಾರ, ಸೋಮಪ್ಪ ಎಂದು ಹೆಸರು. ತೆಲುಗಿನವನು, ಅವನ ತಂದೆ ಶ್ರೀಕಾಕುಳದಿಂದ ಮೀನು ಹಿಡಿಯಲು ಬಂದು ಅಲ್ಲೇ ಉಳಿದವರಂತೆ. ಇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ: ಚಿಪ್ಪು ಮುಟ್ಟಬಾರದು, ಮರಳು ಒಯ್ಯಬಾರದು, ಮರಿಗಳ ದಾರಿಗೆ ಅಡ್ಡ ನಿಲ್ಲಬಾರದು. ಹೇಳುತ್ತಾ ಹೇಳುತ್ತಾ ಹನುಮವ್ವನ ಮುಂದೆ ಬಂದು ನಿಂತ. ಗಂಟಿನಿಂದ ಸಣ್ಣಗೆ ಮರಳು ಉದುರುತ್ತಿತ್ತು.

“ಅದೇನಮ್ಮಾ? ಇಳಿದ ತಕ್ಷಣವೇ ತುಂಬಿಕೊಂಡಿರಾ? ಸುರಿಯಿರಿ” ಎಂದ ತೆಲುಗಿನಲ್ಲಿ.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಹನುಮವ್ವ ಗಂಟನ್ನು ಎರಡು ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. “ಇದು ನಿಂದಲ್ಲೋ ಯಪ್ಪಾ, ನಮ್ಮದು. ಇದನ್ನ ಸುರದ್ರ ನಾ ಇಲ್ಲಿ ನಿಲ್ಲಾಂಗಿಲ್ಲ, ತಿರುಗಿ ದೋಣಿ ಹತ್ತಬೇಕಾಕ್ಕೈತಿ.”

ಹಿಂದೆ ನಿಂತವರೆಲ್ಲ ಕುತ್ತಿಗೆ ಚಾಚಿದರು. ಆಶಾರಾಣಿಯ ಮುಖ ಸಣ್ಣದಾಯಿತು. ಆಚೆ ಬಲೆಯ ಬೇಲಿಯ ಹತ್ತಿರ ಇನ್ನೊಬ್ಬ ಕಾವಲುಗಾರ, ಮರಿಗಳು ಏಳುತ್ತಿವೆ, ಬೇಗ ಬನ್ನಿ ಎಂದು ಕೈ ಬೀಸುತ್ತಿದ್ದ. ಹನುಮವ್ವ ಆ ಕಡೆ ಒಮ್ಮೆ, ದೋಣಿಯ ಕಡೆ ಒಮ್ಮೆ ನೋಡಿದಳು. ಆದರೆ ಗಂಟು ಬಿಡಲಿಲ್ಲ. ನಾನು ತೆಲುಗಿನಲ್ಲಿ ಆದದ್ದನ್ನು ಆದ ಹಾಗೆ ಹೇಳಿದೆ. ಪಟ್ಟಿ ತೋರಿಸಿದೆ, ಕಂಕಣ ಎಂದೆ, ಸೀಮೆಯ ಮಣ್ಣು ಎಂದೆ.

ಸೋಮಪ್ಪ ಟೋಪಿ ತೆಗೆದ. ಹನುಮವ್ವನ ಕೈಯನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

“ಮಾ ಅಮ್ಮ ಕೂಡಾ ಇಂತೇ!” ಎಂದ, ನಮ್ಮಮ್ಮನೂ ಹೀಗೆಯೇ ಎಂದು. ಅವನ ಮದುವೆಯಲ್ಲಿ ಕಂಕಣ ಕಟ್ಟಿದ ಮೇಲೆ ಡ್ಯೂಟಿಗೆ ಕರೆ ಬಂದಿತ್ತಂತೆ. ಅವನ ತಾಯಿ ಮೂರು ದಿನ ದೋಣಿ ಹತ್ತಲು ಬಿಡದೆ ಮೇಲಧಿಕಾರಿಯ ಜೊತೆ ಜಗಳಕ್ಕೆ ಹೋಗಿದ್ದರಂತೆ. “ಈ ಮಣ್ಣಿನ ಉಪಾಯ ಆಗ ನಮಗೆ ಗೊತ್ತಿರಲಿಲ್ಲವಲ್ಲಮ್ಮಾ. ನನ್ನ ಸಂಬಳ ಉಳಿಯುತ್ತಿತ್ತು.” ಅಲ್ಲಿಂದ ತಂದದ್ದು ಅಲ್ಲಿಗೇ ಹೋಗಲಿ, ಇಲ್ಲಿನದು ಒಂದು ಕಾಳೂ ಸೇರಬಾರದು ಎಂದು ಹೇಳಿ, ತಾನೇ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿ, ಎಲ್ಲರಿಗಿಂತ ಮುಂದೆ ಅವಳನ್ನು ಕರೆದುಕೊಂಡು ಹೋದ.

ಬಲೆಯ ಬೇಲಿಯೊಳಗೆ ಮರಳಿನ ಗುಂಡಿಗಳು. ಒಂದೊಂದರ ಮೇಲೂ ಬಿದಿರು ಬುಟ್ಟಿ ಬೋರಲು. ಒಂದು ಬುಟ್ಟಿ ಎತ್ತಿದರು. ಮೊದಲು ಏನೂ ಇಲ್ಲ. ಆಮೇಲೆ ಮರಳು ಉಸಿರಾಡಿದ ಹಾಗೆ ಸ್ವಲ್ಪ ಏರಿ ಕುಸಿಯಿತು. ಅದರ ನಡುವಿನಿಂದ ಕಪ್ಪು ಮೂಗು, ಆಮೇಲೆ ಒಂದು ರೆಕ್ಕೆಯಂಥ ಕಾಲು. ಒಂದರ ಹಿಂದೆ ಒಂದು, ಒಂದರ ಮೇಲೆ ಒಂದು, ರುಪಾಯಿ ಅಗಲದ ಮರಿಗಳು ಎದ್ದು ಬಂದವು.

ಹನುಮವ್ವ ಮಂಡಿಯೂರಿ ಕೂತುಬಿಟ್ಟಳು.

“ಇವುಗಳ ಅವ್ವ ಎಲ್ಲಿ ಅದಾಳ, ಕೇಳ್ರಿ.”

ಕೇಳಿದೆ. ಇಟ್ಟ ರಾತ್ರಿಯೇ ಹೋಗಿದೆ, ಒಂದೂವರೆ ತಿಂಗಳ ಮೇಲಾಯಿತು ಎಂದ ಸೋಮಪ್ಪ.

“ಮತ್ತ ಕಾವು ಯಾರು ಕೊಟ್ರು?”

ಸೋಮಪ್ಪ ಮರಿಗಳೆಲ್ಲ ಹೊರಟು ಖಾಲಿಯಾದ ಒಂದು ಹಳೆಯ ಗುಂಡಿಯ ಹತ್ತಿರ ಅವಳನ್ನು ಕರೆದು, ಅವಳ ಕೈಯನ್ನು ಹಿಡಿದು ಮರಳಿನೊಳಗೆ ಮೊಣಕೈ ತನಕ ಇಳಿಸಿದ. ಕಿತ್ತಳೆ ಪಟ್ಟಿಯೂ ಒಳಗೆ ಹೋಯಿತು.

ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡಳು. ಹುಡುಗರು ಹಿಂದಿನಿಂದ ಫೋಟೋ ತೆಗೆಯುತ್ತಿದ್ದರು, ಅದೂ ಅವಳಿಗೆ ಗೊತ್ತಾಗಲಿಲ್ಲ. ನಾನು ಪಕ್ಕದಲ್ಲಿ ಬಗ್ಗಿ ನಿಂತು ಏನಾಯಿತು ಎಂದೆ.

“ಬೆಚ್ಚಗ ಐತಿ ಅಕ್ಕಾರ” ಎಂದಳು. “ಒಳಗ ಬೆಚ್ಚಗ ಐತಿ. ಥೇಟ್ ಕೋಳಿ ಹೊಟ್ಟಿ ಅಡಿ ಇದ್ದಂಗ ಐತಿ.” ನನ್ನ ಕೈಯನ್ನೂ ಎಳೆದು ಒಳಗೆ ಹಾಕಿಸಿದಳು. ನಿಜ. ಮೇಲಿನ ಮರಳು ಸಂಜೆಗಾಳಿಗೆ ತಣ್ಣಗಾಗಿತ್ತು. ಒಳಗೆ ಹದವಾದ ಬಿಸಿ, ಸುಡುವುದೂ ಅಲ್ಲ, ತಣ್ಣಗೂ ಅಲ್ಲ.

“ಬಿಸಲಾಗ ಕಾಯತೈತಿ, ರಾತ್ರಿ ಹಿಡಕೋತೈತಿ” ಎಂದು ತನಗೆ ತಾನೇ ಹೇಳಿಕೊಂಡಳು. “ಅಂದ್ರ ಆಕಿ ಸುಮ್ನ ಒಗದು ಹೋಗಿಲ್ಲ. ಜಾಗಾ ನೋಡ್ಯಾಳ. ಬೆಚ್ಚಗ ಇರೂದನ್ನ ನೋಡೇ ಇಟ್ಟಾಳ.”

ಮರಿಗಳನ್ನು ಬುಟ್ಟಿಯಲ್ಲಿ ತಂದು ನೀರಿಗೆ ಸ್ವಲ್ಪ ದೂರದಲ್ಲಿ ಬಿಟ್ಟರು. ಸೂರ್ಯ ಮುಳುಗುತ್ತಿದ್ದ. ಮರಿಗಳು ಹೊರಟವು. ಎಷ್ಟು ಅವಸರ ಅವಕ್ಕೆ! ಒಂದು ಅಲೆ ಬಂದು ಅರ್ಧವನ್ನು ಹಿಂದಕ್ಕೆ ತಳ್ಳಿತು, ಮತ್ತೆ ಎದ್ದು ಓಡಿದವು. ಒಂದು ಮರಿ ಮಾತ್ರ ದಾರಿ ತಪ್ಪಿ ಹನುಮವ್ವನ ಕಾಲಿನ ಕಡೆ ಬಂತು. ಮುಟ್ಟಬಾರದೆಂದು ಸೋಮಪ್ಪ ಹೇಳಿದ್ದ. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಂಬದ ಹಾಗೆ ನಿಂತಳು.

“ಅತ್ತಾಗ ಹೋಗವ್ವಾ, ಅತ್ತಾಗ. ನಿಮ್ಮವ್ವ ಆ ಕಡಿ ಅದಾಳ.”

ಅದು ಅವಳ ಹೆಬ್ಬೆರಳನ್ನು ಹತ್ತಿ, ಇಳಿದು, ಅರ್ಧ ಸುತ್ತು ತಿರುಗಿ ನೀರಿನ ಕಡೆ ಹೊರಟಿತು. ಅಲೆ ಬಂತು. ಅಲೆ ಹೋದಾಗ ಮರಳಿನ ಮೇಲೆ ಏನೂ ಇರಲಿಲ್ಲ. ಹುಡುಗರು ಶಿಳ್ಳೆ ಹೊಡೆದರು, ಆಶಾರಾಣಿ ಅಳುತ್ತಾ ನಗುತ್ತಾ ಹನುಮವ್ವನನ್ನು ತಬ್ಬಿಕೊಂಡಳು. ಹನುಮವ್ವ ಮಾತ್ರ “ಫೋನ್ ಯಾರ ಕಡಿ ಐತ್ರಿ, ಫೋನ್?” ಎನ್ನುತ್ತಿದ್ದಳು.

ಅಲ್ಲಿ ಯಾರ ಫೋನೂ ಹಿಡಿಯಲಿಲ್ಲ. ರೆಸಾರ್ಟಿಗೆ ಬಂದ ಮೇಲೆ ಸೆಲ್ವಿಯ ಫೋನಿನಲ್ಲಿ ಸಿಕ್ಕಿತು. ಊಟದ ಮನೆಯಲ್ಲಿ ಎಲ್ಲರೂ ಕೂತಿದ್ದರು. ಹನುಮವ್ವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ, ಆ ಕಡೆಯ ಮಾತೂ ಹೊರಗೆ ಕೇಳುವ ಹಾಗೆ ಇಟ್ಟುಕೊಂಡಿದ್ದಳು.

“ಮಾದೇವೀ! ನೋಡಿ ಬಂದೆ ನಾ! ಖರೆ ಐತಿ, ಮರಿ ಬರ್ತಾವ!”

“ನಾ ಹೇಳಿದ್ದಿಲ್ಲ?”

“ನೀ ಹೇಳಿದ್ದು ಅರ್ಧಾ. ಉಸುಕಿನಾಗ ಕೈ ಹಾಕಿ ನೋಡೇನಿ. ಒಳಗ ಬೆಚ್ಚಗ ಇರ್ತೈತಿ. ಆಕಿ ಜಾಗಾ ನೋಡೇ ಇಟ್ಟು ಹೋಗಿರ್ತಾಳ. ತಿಳೀತ?”

ಆ ಕಡೆ ಮಗುವಿನ ಸದ್ದು ಕೇಳಿಸಿತು. ಆಮೇಲೆ ಮಹಾದೇವಿ ಹೇಳಿದಳು, “ರುಕ್ಮವ್ವ ದೊಡ್ಡವ್ವನ ಮನಿನೂ ಬೆಚ್ಚಗ ಇತ್ತು ಬೇ. ನನ್ನ ಮಗ್ಗಲದಾಗ ಹಾಕ್ಕೊಂಡ ಮಲಗತಿದ್ಲು. ನೀ ನೋಡೇ ಬಿಟ್ಟಿದ್ದಿ ಅಂತ ನಂಗ ಗೊತ್ತಿಲ್ಲೇನು?”

“ಗೊತ್ತಿತ್ತಾ? ಗೊತ್ತಿದ್ದ ಮ್ಯಾಲ ಮತ್ತ್ಯಾಕ ಅಂತಿದ್ದಿ, ಇಟ್ಲು ಮುಚ್ಚಿದ್ಲು ಅಂತ?”

“ಅಂದ್ರ ನಿನ್ನ ಮಾರಿ ಊದತೈತಿ. ನೋಡಾಕ ಚಂದ ಕಾಣ್ತೈತಿ.”

ಹನುಮವ್ವ ಬಾಯಿ ತೆರೆದಳು. ಕಾವು ಬಿಟ್ಟೆದ್ದ ಕೋಳಿಗೂ ಅವಳು ಅಷ್ಟು ಬೈದದ್ದನ್ನು ನಾನು ಕೇಳಿರಲಿಲ್ಲ. ಹಾಟ್ಯಾಕಿ, ಖೋಡಿ, ಒಂದು ವರ್ಷ ನನ್ನ ನಿದ್ದಿ ಕೆಡಿಸಿದಾಕಿ, ಬಾ ನೀ ಪಂಚಮಿಗೆ, ನಿನಗ ಉಂಡಿ ಬ್ಯಾರೆ ಮಾಡಿ ಇಟ್ಟೇನಿ! ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೈಗುಳ ನಿಲ್ಲುತ್ತಿರಲಿಲ್ಲ, ಆ ಕಡೆ ಮಹಾದೇವಿ ನಗುವುದೂ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತವರೆಲ್ಲ ಚಮಚ ಕೆಳಗಿಟ್ಟು ನೋಡುತ್ತಿದ್ದರು.

ಸೆಲ್ವಿ ಗಾಬರಿಯಿಂದ ನನ್ನ ಹತ್ತಿರ ಬಂದಳು. ಪಾಟಿ ಯಾಕೆ ಇಷ್ಟು ಜಗಳವಾಡುತ್ತಿದ್ದಾರೆ, ಊರಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದಳು.

“ಜಗಳ ಅಲ್ಲ ಕಣಮ್ಮ” ಎಂದೆ. “ಮಗಳ ಅತ್ರ ಮಾತಾಡ್ತಾವ್ಳೆ. ಇನ್ನೂ ಬಾಳ ಒತ್ತು ಆಯ್ತದೆ, ನೀನು ಓಗಿ ಅವ್ಳಿಗೊಂದು ಲೋಟ ಮಜ್ಜಿಗೆ ತಗೊಂಡ್ ಬಾ.”